ಬರೀ ಗೋಡೆ ಬೀಳಿಸಿದ್ದಕ್ಕೆ ಒಂದು ಪ್ರಶಸ್ತಿ

(ಕಪ್ಪು ಪರದೆ. ಮಂಜುಗಡ್ಡೆ ಬಿರುಕು ಬಿಡುವ ಸದ್ದು ಮಾತ್ರ.)

ನಮಸ್ಕಾರ. ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ನಿಮ್ಮ ಮನೆ ಕಾಂಪೌಂಡ್ ಗೋಡೆ 5 ಅಡಿ ಎತ್ತರ ಇದೆ ಅಂದುಕೊಳ್ಳಿ. ಅದರ ಮೇಲಿಂದ ಒಂದು ಇಟ್ಟಿಗೆ ಜಾರಿದರೆ ನೆಲಕ್ಕೆ ಬೀಳಲು ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ ಹೊತ್ತು ಬೇಕು. ಈಗ ಗೋಡೆಯನ್ನು 700 ಅಡಿ ಮಾಡಿ. ಅದೇ ಇಟ್ಟಿಗೆಗೆ ಸುಮಾರು ಆರೂವರೆ ಸೆಕೆಂಡು ಬೇಕು.

700 ಅಡಿ ಯಾಕೆ ಅಂದರೆ, 'ಗೇಮ್ ಆಫ್ ಥ್ರೋನ್ಸ್' ಸರಣಿಯ ಹಿಮದ ಗೋಡೆ ಅಷ್ಟು ಎತ್ತರ. ಏಳನೇ ಸೀಸನ್ನಿನ ಕೊನೆಯಲ್ಲಿ ಡ್ರ್ಯಾಗನ್ ನೀಲಿ ಬೆಂಕಿ ಉಗುಳುತ್ತದೆ, ಗೋಡೆ ಕುಸಿಯುತ್ತದೆ. ಅದು ಪ್ರಸಾರವಾಗಿದ್ದು 2017ರ ಆಗಸ್ಟ್‌ನಲ್ಲಿ. ಕುಸಿತದ ಕೆಲಸ ಮಾಡಿದ್ದು ಕೆನಡಾದ ಮಾಂಟ್ರಿಯಲ್‌ನ ರೋಡಿಯೋ ಎಫ್‌ಎಕ್ಸ್ ಸ್ಟುಡಿಯೋ. 2018ರ ಫೆಬ್ರವರಿಯಲ್ಲಿ ಆ ಕೆಲಸಕ್ಕೆ ಪ್ರಶಸ್ತಿ ಬಂತು. ಡ್ರ್ಯಾಗನ್ನಿಗಲ್ಲ, ಇಡೀ ಎಪಿಸೋಡಿಗೂ ಅಲ್ಲ. ಬರೀ ಗೋಡೆ ಬಿದ್ದ ರೀತಿಗೆ.

(ಪ್ರಶಸ್ತಿ ಫಲಕದ ಚಿತ್ರ. ಮುಖವಿರುವ ಚಂದಿರ.)

ಪ್ರಶಸ್ತಿ ಕೊಡುವುದು ವಿಷುಯಲ್ ಎಫೆಕ್ಟ್ಸ್ ಸೊಸೈಟಿ. ಈ ರಂಗದವರು ಸುಮ್ನೆ ವಿಇಎಸ್ ಅನ್ನುತ್ತಾರೆ. 1997ರಲ್ಲಿ ಹುಟ್ಟಿದ ಸಂಘ. 2003ರಿಂದ ಪ್ರಶಸ್ತಿ ಕೊಡುತ್ತಿದೆ. ಟಿವಿಯ ಎಮ್ಮಿ ಪ್ರಶಸ್ತಿಯಲ್ಲೂ ವಿಎಫ್‌ಎಕ್ಸ್‌ಗೆ, ಅಂದರೆ ವಿಷುಯಲ್ ಎಫೆಕ್ಟ್ಸ್‌ಗೆ, ಬಹುಮಾನ ಇದೆ, ಆದರೆ ಅದು ಒಟ್ಟಾರೆ ಕೆಲಸಕ್ಕೆ. ವಿಇಎಸ್‌ನವರು ಆ ಕೆಲಸವನ್ನೇ ಬಿಡಿಬಿಡಿಯಾಗಿ ಬಿಡಿಸುತ್ತಾರೆ. ಪಾತ್ರಕ್ಕೊಂದು, ಪರಿಸರಕ್ಕೊಂದು, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸುವ ಕಾಂಪೊಸಿಟಿಂಗ್‌ಗೊಂದು. ನೀರು, ಬೆಂಕಿ, ಹೊಗೆ, ಧೂಳು, ಕುಸಿತ ಇವೆಲ್ಲ ಸೇರಿದ ಸಿಮ್ಯುಲೇಶನ್‌ಗೂ ಒಂದು. ಗೋಡೆಗೆ ಬಂದದ್ದು ಇದೇ.

ಸಿಮ್ಯುಲೇಶನ್ ಅಂದರೆ ಏನು? ಪಾತ್ರ ನಡೆಯಬೇಕಾದರೆ ಅನಿಮೇಟರ್ ಅದರ ಕೈಕಾಲು ಆಡಿಸುತ್ತಾರೆ. ಆದರೆ ಸಮುದ್ರದ ಒಂದೊಂದು ಹನಿಯನ್ನು ಯಾರು ಆಡಿಸುತ್ತಾರೆ? ಅದಕ್ಕೇ ಹನಿಗಳನ್ನು ಕಂಪ್ಯೂಟರಿಗೆ ಒಪ್ಪಿಸಿ, ಗುರುತ್ವ ಇಷ್ಟು, ಗಾಳಿ ಇಷ್ಟು, ಅಂಟು ಇಷ್ಟು ಅಂತ ಹೇಳಿ ಬಿಟ್ಟುಬಿಡುತ್ತಾರೆ. ಮುಂದಿನದು ಭೌತಶಾಸ್ತ್ರದ ಪಾಡು. ಈ ಕೆಲಸಕ್ಕೆ ಜಾಸ್ತಿ ಬಳಸುವ ಸಾಫ್ಟ್‌ವೇರ್ ಹೂಡಿನಿ. ಟೊರಾಂಟೊದ ಸೈಡ್‌ಎಫ್‌ಎಕ್ಸ್ ಕಂಪನಿಯದು.

ಹಾಗಾದರೆ ಕೆಲಸ ಮಾಡಿದ್ದು ಕಂಪ್ಯೂಟರ್, ಪ್ರಶಸ್ತಿ ಯಾಕೆ ಮನುಷ್ಯರಿಗೆ?

(ಗೋಡೆ ಬೀಳುವ ರೇಖಾಚಿತ್ರ. ಪಕ್ಕದಲ್ಲಿ ಸೆಕೆಂಡಿನ ಗಡಿಯಾರ.)

ಮತ್ತೆ ಆರೂವರೆ ಸೆಕೆಂಡಿಗೆ ಬರೋಣ. ಟಿವಿಯಲ್ಲಿ ಇಂಥ ಗದ್ದಲದ ದೃಶ್ಯದಲ್ಲಿ ಒಂದು ಶಾಟ್ ಎರಡು ಮೂರು ಸೆಕೆಂಡು ಇದ್ದರೆ ಹೆಚ್ಚು. ಭೌತಶಾಸ್ತ್ರದ ಮಾತು ಕೇಳಿದರೆ ಮೇಲಿನ ತುಂಡು ನೆಲ ಮುಟ್ಟುವ ಮೊದಲೇ ಎಡಿಟರ್ ಮುಂದಿನ ಶಾಟಿಗೆ ಹೋಗಿರುತ್ತಾರೆ. ಬೇಗ ಬೀಳಿಸೋಣ ಅಂದರೆ, 700 ಅಡಿ ಗೋಡೆ ಶಾಲಾ ವಸ್ತುಪ್ರದರ್ಶನದ ಥರ್ಮಾಕೋಲ್ ಮಾದರಿ ಥರ ಕಾಣುತ್ತದೆ. ಯಾಕೆಂದರೆ ವಸ್ತು ಎಷ್ಟು ದೊಡ್ಡದು ಅನ್ನುವುದನ್ನು ನಮ್ಮ ಕಣ್ಣು ಅದು ಎಷ್ಟು ನಿಧಾನ ಬೀಳುತ್ತದೆ ಅನ್ನುವುದರಿಂದಲೂ ಅಳೆಯುತ್ತದೆ.

ನಿರ್ದೇಶಕರಿಗೆ ಎರಡೂ ಬೇಕು. ಬೇಗ ಬೀಳಬೇಕು, ದೊಡ್ಡದಾಗಿಯೂ ಕಾಣಬೇಕು. ಆಗ ಸಿಮ್ಯುಲೇಶನ್ ಮಾಡುವ ಎಫ್‌ಎಕ್ಸ್ ಆರ್ಟಿಸ್ಟ್ ಭೌತಶಾಸ್ತ್ರಕ್ಕೆ ಸುಳ್ಳು ಹೇಳಲು ಕಲಿಸಬೇಕು. ದೊಡ್ಡ ತುಂಡುಗಳಿಗೆ ಒಂದು ವೇಗ, ಪುಡಿಗೆ ಇನ್ನೊಂದು. ಧೂಳು ಮಾತ್ರ ತಡವಾಗಿ ಏಳಲಿ. ನನ್ನ ಪ್ರಕಾರ ಈ ಪ್ರಶಸ್ತಿ ಇರುವುದೇ ಆ ಸುಳ್ಳಿಗೆ. ನಿಯಮ ಪಾಲಿಸುವುದಕ್ಕೆ ಕಂಪ್ಯೂಟರ್ ಸಾಕು. ಎಲ್ಲಿ ಮುರಿಯಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು ತಲೆನೋವಿದೆ. ಹೊಗೆಯನ್ನು ಕಂಪ್ಯೂಟರ್ ಚಿಕ್ಕ ಚಿಕ್ಕ ಡಬ್ಬಿಗಳಾಗಿ ನೋಡುತ್ತದೆ. ಇವನ್ನು ವೋಕ್ಸೆಲ್ ಅನ್ನುತ್ತಾರೆ. ಡಬ್ಬಿಯ ಅಳತೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ಉದ್ದ, ಅಗಲ, ಎತ್ತರ ಮೂರೂ ಕಡೆ ಎರಡರಷ್ಟು, ಅಂದರೆ 8 ಪಟ್ಟು ಡಬ್ಬಿಗಳು! ಅದಕ್ಕೇ ಮೊದಲು ಒರಟಾಗಿ ಮಾಡಿ ತೋರಿಸುತ್ತಾರೆ. ನಿರ್ದೇಶಕರು ಚೆನ್ನಾಗಿದೆ ಅನ್ನುತ್ತಾರೆ. ಅದನ್ನೇ ಸೂಕ್ಷ್ಮವಾಗಿ ಮತ್ತೆ ಓಡಿಸಿದರೆ ಹೊಗೆ ಬೇರೆ ಕಡೆಗೆ ಸುತ್ತಿಕೊಂಡಿರುತ್ತದೆ. ಒಪ್ಪಿಗೆಯಾದದ್ದು ಒಂದು, ಬಂದದ್ದು ಇನ್ನೊಂದು. ರಾತ್ರಿಯೆಲ್ಲ ಓಡಿದ ಲೆಕ್ಕ ಬೆಳಿಗ್ಗೆ ಕೈ ಕೊಟ್ಟಿರುತ್ತದೆ.

(ಒಲೆಯ ಮೇಲೆ ಬೆಲ್ಲದ ಪಾಕ. ಸೌಟಿನಿಂದ ಎಳೆ ಇಳಿಯುತ್ತಿದೆ.)

ಇದು ನಿಮಗೆ ಗೊತ್ತು. ಒಂದೆಳೆ ಪಾಕ, ಎರಡೆಳೆ ಪಾಕ. ಬೆಲ್ಲ ಅದೇ. ಕಾವು ಚೂರು ಬದಲಾದರೆ ಹರಿಯುವ ರೀತಿಯೇ ಬೇರೆ. 'ಸ್ಟ್ರೇಂಜರ್ ಥಿಂಗ್ಸ್' ಮೂರನೇ ಸೀಸನ್ನಿನಲ್ಲಿ ಟಾಮ್ ಮತ್ತು ಬ್ರೂಸ್ ಅನ್ನುವ ಇಬ್ಬರ ದೇಹ ಕರಗಿ ಒಂದು ರಾಕ್ಷಸ ಆಗುತ್ತದಲ್ಲ, ಅಲ್ಲಿ ಪಾಕ ಶುರುವಾಗುವುದೇ ಮನುಷ್ಯನಿಂದ! ಕೆಲವು ಕಡೆ ನೀರಾಗಬೇಕು, ಕೆಲವು ಕಡೆ ಎಳೆ ಬರಬೇಕು, ಕೆಲವು ಕಡೆ ಮುದ್ದೆ ಉಳಿಯಬೇಕು. ಊಟ ಮಾಡುತ್ತಾ ನೋಡುವಂಥದ್ದಲ್ಲ. 2020ರ ಜನವರಿಯಲ್ಲಿ ಈ ಪ್ರಶಸ್ತಿ ಅದಕ್ಕೇ ಬಂತು. ಅದೂ ರೋಡಿಯೋ ಎಫ್‌ಎಕ್ಸ್ ಕೆಲಸವೇ.

2025ರ ಫೆಬ್ರವರಿಯಲ್ಲಿ ಗೆದ್ದದ್ದು 'ಶೋಗನ್' ಸರಣಿಯ ಐದನೇ ಎಪಿಸೋಡಿನ ಭೂಕುಸಿತ. ಭೂಕಂಪ ಆಗುತ್ತದೆ, ಗುಡ್ಡ ಜಾರಿ ಸೈನ್ಯದ ಮೇಲೆ ಬೀಳುತ್ತದೆ. ಮಣ್ಣು ಕಷ್ಟದ ವಸ್ತು. ಹರಿಯುವಾಗ ನೀರಿನ ಥರ, ನಿಂತಾಗ ಕಲ್ಲಿನ ಥರ. ನಮ್ಮವರ ಕಣ್ಣಿಗೆ ಇದರಲ್ಲಿ ಮೋಸ ಮಾಡುವುದು ಇನ್ನೂ ಕಷ್ಟ. 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಜಾರಿದ ವಿಡಿಯೋಗಳನ್ನು ನಾವೆಲ್ಲ ಫೋನಿನಲ್ಲೇ ನೋಡಿದ್ದೇವೆ, ಅಲ್ವಾ? ಇಡೀ ಮನೆಯೇ ಜಾರಿ ಕೆಳಗೆ ಹೋಗಿದ್ದು ನೆನಪಿದೆ.

(ಗಾಜಿನ ಲೋಟಕ್ಕೆ ಹಾಲು ಬೀಳುವ ದೃಶ್ಯ, ನಿಧಾನಗತಿಯಲ್ಲಿ.)

ಇನ್ನು ಜಾಹೀರಾತು. ಈ ಪ್ರಶಸ್ತಿಯ ಸಾಲಿನಲ್ಲಿ ಟಿವಿ ಎಪಿಸೋಡ್, ಜಾಹೀರಾತು, ಗೇಮಿನ ಕಥಾದೃಶ್ಯ, ನೋಡುವ ಕ್ಷಣದಲ್ಲೇ ಕಂಪ್ಯೂಟರ್ ಚಿತ್ರ ಮೂಡಿಸುವ ರಿಯಲ್-ಟೈಮ್ ಪ್ರಾಜೆಕ್ಟ್ ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅರ್ಧ ನಿಮಿಷದ ಜಾಹೀರಾತಿನಲ್ಲಿ ಹಾಲು ಚಿಮ್ಮಿ ಚಾಕೊಲೇಟ್ ಸುತ್ತಿಕೊಂಡು ಕೊನೆಗೆ ಕಂಪನಿಯ ಲೋಗೋ ಆಕಾರಕ್ಕೆ ಬರಬೇಕು. ದ್ರವ ಅಕ್ಷರ ಬರೆಯುವುದು ಗೋಡೆ ಬೀಳಿಸುವುದಕ್ಕಿಂತ ಸುಲಭ ಅಂತ ಹೇಳಲಾರೆ. ಆದರೆ ಗೆಲ್ಲುತ್ತಾ ಬಂದಿರುವುದು ಹೆಚ್ಚಾಗಿ ಸರಣಿಗಳೇ. ಗುಡ್ಡ ಕುಸಿಯುವಾಗ ಪಕ್ಕದಲ್ಲಿ ಹಾಲಿನ ಹನಿಯನ್ನು ಯಾರು ನೋಡುತ್ತಾರೆ? ಜಾಹೀರಾತಿಗೆ ಒಟ್ಟಾರೆ ವಿಎಫ್‌ಎಕ್ಸ್‌ಗಾಗಿ ಬೇರೆ ವಿಭಾಗ ಇದೆ, ಅದೊಂದು ಸಮಾಧಾನ.

(ತೆರೆಯ ಮೇಲೆ ಖಾಲಿ ನಾಮಫಲಕ. ನಾಲ್ಕು ಗೆರೆಗಳು.)

ಗೆದ್ದವರ ಪಟ್ಟಿ ತೆಗೆದು ನೋಡಿ. ಸಾಮಾನ್ಯವಾಗಿ ಒಂದು ಕೆಲಸಕ್ಕೆ ನಾಲ್ಕೇ ಹೆಸರು. ಹಿಮದ ಗೋಡೆಗೆ ನಾಲ್ಕು. ಕರಗುವ ದೇಹಕ್ಕೆ ನಾಲ್ಕು. ಗುಡ್ಡಕ್ಕೂ ನಾಲ್ಕು. ಆದರೆ ಒಂದು ದೊಡ್ಡ ಸರಣಿಯ ಕೆಲಸ ಹಲವು ದೇಶಗಳ ಸ್ಟುಡಿಯೋಗಳಿಗೆ ಹಂಚಿಹೋಗಿರುತ್ತದೆ. ನಟನ ಸುತ್ತ ಗೆರೆ ಕತ್ತರಿಸುವ ರೋಟೋ, ತಂತಿ ಅಳಿಸುವ ಪೇಂಟ್, ಇಂಥ ಬೇಸರದ ಕೆಲಸ ಎಷ್ಟೋ ನಮ್ಮ ದೇಶದಲ್ಲೇ ಆಗುತ್ತದೆ. ಸಿಮ್ಯುಲೇಶನ್ನೂ ಆಗುತ್ತದೆ.

ಜಾಹೀರಾತು ವಿಎಫ್‌ಎಕ್ಸ್‌ನಲ್ಲಿ ದೊಡ್ಡ ಹೆಸರು ದಿ ಮಿಲ್. ಸಿನಿಮಾದಲ್ಲಿ ಎಂಪಿಸಿ. ಎರಡೂ ಆಗ ಟೆಕ್ನಿಕಲರ್ ಕಂಪನಿಯವಾಗಿದ್ದವು, ಎರಡಕ್ಕೂ ಬೆಂಗಳೂರಿನಲ್ಲಿ ಸ್ಟುಡಿಯೋ ಇತ್ತು. 'ಶೋಗನ್' ಗುಡ್ಡಕ್ಕೆ ಪ್ರಶಸ್ತಿ ಕೊಟ್ಟದ್ದು 2025ರ ಫೆಬ್ರವರಿ 11ಕ್ಕೆ. ಅದೇ ತಿಂಗಳು ಮುಗಿಯುವಷ್ಟರಲ್ಲಿ ಟೆಕ್ನಿಕಲರ್ ಕುಸಿಯಿತು. ಬೆಂಗಳೂರಿನ ಸ್ಟುಡಿಯೋದ ಬಾಗಿಲೂ ಮುಚ್ಚಿತು. ಭಾರತದಲ್ಲಿ ಸಾವಿರಾರು ಜನರ ಕೆಲಸ ಹೋಯಿತು.

ಆ ಸ್ಟುಡಿಯೋಗಳಲ್ಲಿ ನೀರು, ಬೆಂಕಿ, ಧೂಳು ಮಾಡಿದವರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ, ನೀವು ಮಾಡಿದ ಒಂದು ಶಾಟ್ ಯಾವುದು ಅಂತ ಕೆಳಗೆ ಬರೆಯಿರಿ.

(ನಾಲ್ಕು ಗೆರೆಗಳ ಕೆಳಗೆ ಐದನೆಯದು ಮೂಡುತ್ತದೆ. ಆರನೆಯದು. ಏಳನೆಯದು. ಗೆರೆಗಳು ತೆರೆಯ ಕೆಳಗೆ ಇಳಿಯುತ್ತಲೇ ಇರುತ್ತವೆ.)