ನಿಧಾನ ನಡೆಯೋರು ಮುಂದೆ ಇರ್ಲಿ!

ನಮಸ್ಕಾರ. ಇವತ್ತು ಗ್ಲೌಸ್ ಬಗ್ಗೆ ಮಾತಾಡ್ಬೇಕಿತ್ತು, ಅದನ್ನ ಮುಂದಿನ ವಾರಕ್ಕೆ ಹಾಕಿದೀನಿ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. ಚಳಿಗಾಲದಲ್ಲಿ ಫ್ರೆಂಡ್ಸ್ ಜೊತೆ ಹಿಮಾಲಯದ ಕೇದಾರಕಂಠ ಬೆಟ್ಟ ಹತ್ತೋರಿಗೆ ಸಲಹೆಯಂತೆ: "ಫಿಟ್ ಇರೋರು ಮೊದಲು ಹೋಗಿ ಮೇಲೆ ಕಾಯ್ಲಿ, ನಿಧಾನ ಇರೋರು ಹಿಂದಿಂದ ಬರ್ಲಿ." ಅದಕ್ಕೆ ಲೈಕ್ ಮೇಲೆ ಲೈಕ್!

ತಪ್ಪು. ಪೂರ್ತಿ ತಪ್ಪು. ಹಿಮದಲ್ಲಿ ಗುಂಪಿನ ಅತಿ ನಿಧಾನದವರು ಗೈಡ್ ಬೆನ್ನಿಗೇ ಇರ್ಬೇಕು. ಗಟ್ಟಿ ಕಾಲಿನವರು ಕೊನೇಲಿ.

ಈ ಅಭ್ಯಾಸ ನಮಗೆ ಕುಮಾರಪರ್ವತದಿಂದ ಬಂದಿದ್ದು. ಜೋರಾಗಿ ನಡೆಯೋರು ಭಟ್ಟರ ಮನೆ ಮುಟ್ಟಿ ಕಾಲು ಚಾಚ್ಕೊಂಡು ಕೂರ್ತಾರೆ, ಮಿಕ್ಕೋರು ಗಂಟೆ ಬಿಟ್ಟು ಬರ್ತಾರೆ. ಅಲ್ಲಿ ಕಾಯೋದು ಅಂದ್ರೆ ವಿಶ್ರಾಂತಿ. ಆದ್ರೆ ಉತ್ತರಾಖಂಡದಲ್ಲಿ ಈ ಟ್ರೆಕ್ ಶುರುವಾಗೋ ಸಾಂಕ್ರಿ ಹಳ್ಳೀನೇ ಹೆಚ್ಚೂಕಮ್ಮಿ ನಮ್ಮ ಮುಳ್ಳಯ್ಯನಗಿರಿ ತುದಿಯಷ್ಟು ಎತ್ತರದಲ್ಲಿದೆ. ಕೇದಾರಕಂಠದ ತುದಿ ಸುಮಾರು 12,500 ಅಡಿ. ಜನವರಿಯ ಬೆಳಗಿನ ಜಾವ ಮೈನಸ್ 10, ಕೆಲವು ದಿನ ಮೈನಸ್ 15, ಅದರ ಮೇಲೆ ಗಾಳಿ. ಅಲ್ಲಿ ಕಾಯೋದು ಅಂದ್ರೆ ಹೆಪ್ಪುಗಟ್ಟೋದು.

ಏನಾಗುತ್ತೆ ಹೇಳ್ತೀನಿ. ಬೇಸ್ ಕ್ಯಾಂಪಿಂದ ತುದಿಗೆ 1,250 ಅಡಿ ಏರು, ಸುಮಾರು ಮೂರು ಗಂಟೆ. ದಡದಡ ಹತ್ತಿದವರ ಥರ್ಮಲ್, ಅಂದ್ರೆ ಮೈಗಂಟೋ ಬೆಚ್ಚನೆ ಒಳಉಡುಪು, ಬೆವರಲ್ಲಿ ಒದ್ದೆ. ನಡೀತಿರೋವಾಗ ಗೊತ್ತಾಗಲ್ಲ. ನಿಂತ ಹತ್ತು ನಿಮಿಷಕ್ಕೆ ಆ ಒದ್ದೆ ಬಟ್ಟೆ ಮೈ ಬಿಸಿಯನ್ನೆಲ್ಲ ಹೀರುತ್ತೆ. ಒಳಗೆ ಕಾಟನ್ ಬನಿಯನ್ ಇದ್ರಂತೂ ಕೇಳ್ಲೇಬೇಡಿ, ಅದು ಒಣಗೋದೇ ಇಲ್ಲ. ನಡೆಯೋದಕ್ಕೆ ಮುಂಚೆ ಡೌನ್ ಜಾಕೆಟ್ ಬಿಚ್ಚಿ ಬ್ಯಾಗಲ್ಲಿ ಮೇಲ್ಗಡೆ ಇಡಿ, ಮೊದಲ ಐದು ನಿಮಿಷ ಸ್ವಲ್ಪ ಚಳಿ ಆಗ್ಲಿ, ನಿಂತ ಕೂಡಲೇ ಹಾಕ್ಕೊಳಿ. ಲೇಯರ್‌ಗಳ ಮೇಲೆ ಪೂರ್ತಿ ವಿಡಿಯೋ ಚಾನೆಲ್‌ನಲ್ಲಿದೆ, ದಯವಿಟ್ಟು ನೋಡಿ.

ಇನ್ನು ಹಿಂದೆ ಬಿದ್ದವರ ಕಥೆ. ಅವರು ಏದುಸಿರು ಬಿಡ್ತಾ ಬಂದು ಮುಟ್ಟೋ ಹೊತ್ತಿಗೆ ಮುಂದಿನವರು ನಡುಗ್ತಾ ಇರ್ತಾರೆ. "ಬಂದ್ಯಾ ಮಗಾ? ನಡಿ ನಡಿ!" ವಿಶ್ರಾಂತಿ ಬೇಡದವನಿಗೆ ಇಪ್ಪತ್ತು ನಿಮಿಷ, ಬೇಕಾದವನಿಗೆ ಸೊನ್ನೆ! ಇದೇ ನಾಲ್ಕು ಸಲ ಆದ್ರೆ ಅವನು ತುದಿ ಮುಟ್ಟಲ್ಲ. ಆಮೇಲೆ ಅವನಿಗೆ ಸ್ಟ್ಯಾಮಿನಾ ಇರ್ಲಿಲ್ಲ ಅಂತೀರಿ. ಸ್ಟ್ಯಾಮಿನಾ ಇತ್ತು ಸ್ವಾಮಿ, ನೀವು ಉಳಿಸ್ಲಿಲ್ಲ.

ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗಿ ಬರೋ ಕಾಯಿಲೆ ಇನ್ನೂ ಗಂಭೀರ. ತಲೆನೋವು, ವಾಕರಿಕೆ, ಸುಸ್ತು, ಇವು ಶುರುವಿನ ಲಕ್ಷಣ. ಅವು ಬಂದ್ರೆ ಅಲ್ಲಿಂದ ಮೇಲೆ ಹೋಗಬಾರದು. ಕುಡಿದವರ ಹಾಗೆ ಕಾಲು ತಡವರಿಸಿದ್ರೆ, ಕೂತಾಗ್ಲೂ ಉಸಿರು ಸಿಗದಿದ್ರೆ ತಕ್ಷಣ ಕೆಳಗಿಳಿಸ್ಬೇಕು. ಇದನ್ನೆಲ್ಲ ಗಮನಿಸೋರು ಯಾರು? ಕತ್ತಲಲ್ಲಿ ಇನ್ನೂರು ಮೀಟರ್ ಹಿಂದೆ ಬಿದ್ದವನನ್ನ ಯಾರು ನೋಡ್ತಾರೆ? ಕಣ್ಣೆದುರಿಗಿದ್ರೆ ನೋಡ್ಬಹುದು. ಮೈಕ್ರೋಸ್ಪೈಕ್, ಅಂದ್ರೆ ಹಿಮದಲ್ಲಿ ಜಾರದ ಹಾಗೆ ಶೂ ಮೇಲೆ ಹಾಕೋ ಮುಳ್ಳಿನ ಪಟ್ಟಿ, ಅದರ ರಬ್ಬರ್ ಜಾರಿದ್ರೂ ಹಿಂದಿರೋರಿಗೆ ಕಾಣುತ್ತೆ. ಅಡಿಯಲ್ಲಿ ಹಿಮ ಉಂಡೆ ಕಟ್ಟಿದ್ರೆ ಮುಳ್ಳು ಹಿಡಿಯೋದೇ ಇಲ್ಲ, ಕೈಲಿರೋ ಟ್ರೆಕಿಂಗ್ ಕೋಲಿಂದ ಶೂ ಪಕ್ಕಕ್ಕೆ ತಟ್ಟಿ ಉದುರಿಸ್ಬೇಕು, ಅದನ್ನೂ ಹಿಂದಿರೋರೇ ಹೇಳ್ಬೇಕು.

"ಗೈಡ್ ಇದ್ದಾರಲ್ಲ?" ಅಂತೀರಿ. ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ. ಹನ್ನೆರಡು ಜನ ಅರ್ಧ ಕಿಲೋಮೀಟರ್ ಉದ್ದಕ್ಕೆ ಚದುರಿದ್ರೆ ನಡುವಿನವರಿಗೆ ಯಾರಿದ್ದಾರೆ?

"ಹೊಸ ಹಿಮ ಬಿದ್ದಿದ್ರೆ ದಾರಿ ತುಳಿಯೋಕೆ ಗಟ್ಟಿಗರು ಬೇಕಲ್ಲ?" ಬೇಕು, ಒಪ್ಪಿದೆ. ಗೈಡ್ ಜೊತೆ ಒಬ್ಬರು ಹೋಗ್ಲಿ, ಹತ್ತಿಪ್ಪತ್ತು ಹೆಜ್ಜೆ ಮುಂದೆ. ಆದ್ರೆ ಹೆಜ್ಜೆ ಗುಂಡಿಗಳ ಅಂತರ ನಿಧಾನದವರ ಕಾಲಿಗೆ ಎಟುಕ್ಬೇಕು. ಆರಡಿ ಆಳು ತನ್ನ ಅಳತೆಗೆ ತುಳಿದ್ರೆ ಹಿಂದೆ ಬರೋ ಐದಡಿಯವರು ಪ್ರತಿ ಹೆಜ್ಜೆಗೂ ಹೊಸ ಗುಂಡಿ ತೋಡ್ಬೇಕಾಗುತ್ತೆ.

"ಸನ್‌ರೈಸ್ ತಪ್ಪುತ್ತೆ." ಅಯ್ಯೋ! ಅರ್ಧ ಗಂಟೆ ಮುಂಚೆ ಏಳಿ! ಮೂರಕ್ಕೆ ಹೊರಡೋದು ಎರಡೂವರೆಗೆ ಹೊರಡಿ. ಸೂರ್ಯ ಹುಟ್ಟೋದು ಏಳರ ಆಸುಪಾಸು. ಬೇಗ ಇಳಿಯೋಕೂ ಅನುಕೂಲ, ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಮೊಣಕಾಲವರೆಗೆ ಹೂತುಹೋಗುತ್ತೆ.

ಮುಂದಿರೋ ನಿಧಾನದವರಿಗೂ ಒಂದು ಅಳತೆ ಕೊಡ್ತೀನಿ. ನಡೀತಾ ಒಂದು ಪೂರ್ತಿ ವಾಕ್ಯ ಹೇಳೋಕಾಗ್ಬೇಕು. ನಡುವೆ ಉಸಿರು ಕಟ್ಟಿದ್ರೆ ವೇಗ ಜಾಸ್ತಿಯಾಗಿದೆ. ಇಡೀ ಸಾಲು ಆ ವೇಗದಲ್ಲೇ ನಡೀಬೇಕು. ಕೊನೆಯವರ ಬ್ಯಾಗಲ್ಲಿ ಫಸ್ಟ್ ಏಡ್, ಇನ್ನೊಂದು ಹೆಡ್‌ಲ್ಯಾಂಪ್, ಇನ್ನೊಂದು ಜೊತೆ ಮೈಕ್ರೋಸ್ಪೈಕ್. ನೀರಿನ ಬಾಟ್ಲಿ ತಲೆಕೆಳಗಾಗಿ ಇಡಿ, ನೀರು ಮೇಲಿಂದ ಹೆಪ್ಪುಗಟ್ಟೋದ್ರಿಂದ ಮುಚ್ಚಳದ ಕಡೆ ಕಟ್ಟಿಕೊಳ್ಳಲ್ಲ.

"ಬೋರಾಗುತ್ತೆ" ಅಂತಾನೂ ಒಬ್ಬರು ಬರೆದಿದ್ದಾರೆ. ಬೋರಾಗ್ಲಿ! ಫ್ರೆಂಡ್ಸ್ ಜೊತೆ ಹೋಗಿದ್ದು ತಾನೆ? ಜೊತೆ ಅಂದ್ರೆ ಏನು? ನಿಧಾನದವರು ಮುಂದೆ. ಅವರು ನಿಮ್ಮ ತಂಗಿ ಆಗಿರ್ಲಿ, ಆಫೀಸಿನ ಗೆಳೆಯ ಆಗಿರ್ಲಿ, ಮುಂದೆ. ನಾಚ್ಕೊಂಡು ಹಿಂದೆ ಸರಿದ್ರೂ ಕೈ ಹಿಡ್ಕೊಂಡು ಬಂದು ಮುಂದೆ ನಿಲ್ಲಿಸಿ!

ಈ ವಿಡಿಯೋನ ನಿಮ್ಮ ಟ್ರೆಕ್ ವಾಟ್ಸಾಪ್ ಗ್ರೂಪ್‌ಗೆ ಹಾಕಿ, ಡೆಹ್ರಾಡೂನ್ ಟಿಕೆಟ್ ಮಾಡೋಕೆ ಮುಂಚೆ. ಯಾರು ಮುಂದೆ ಅಂತ ಅಲ್ಲೇ ಬರೀರಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಗ್ಲೌಸ್, ಒಳಗಿನದು, ಹೊರಗಿನದು, ಎರಡೂ.