ಬುದ್ಧಿ ಹೇಳ್ಬೇಡಿ, ಜೊತೆಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಆಕಾಶವಾಣಿಯವರು ಫೋನ್ ಮಾಡಿ, ಡಾಕ್ಟ್ರೇ, ಸ್ನೇಹಿತರ ಆರೋಗ್ಯದ ಬಗ್ಗೆ ಒಂದು ಹದಿನೈದು ನಿಮಿಷ ಮಾತಾಡಿ ಅಂದ್ರು. ಆಯ್ತು ಅಂದೆ, ಆದ್ರೆ ಒಂದೇ ವಿಷಯ ಹೇಳೋದು ಅಂತ ಮೊದಲೇ ಹೇಳಿದೀನಿ, ಯಾಕಂದ್ರೆ ಹತ್ತು ವಿಷಯ ಹೇಳಿದ್ರೆ ನೀವು ಹತ್ತೂ ಮರೀತೀರ, ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೇಲಿ ಕೂತು ಇಷ್ಟಾದ್ರೂ ಕಲ್ತಿದೀನಿ. ಡೈರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತಿರೋರು, ಒಗ್ಗರಣೆ ಹಾಕ್ತಾ ಕೇಳ್ತಿರೋ ಅಕ್ಕಂದಿರು, ಅಂಗಡಿ ಬಾಗಿಲು ತೆಗೆದು ರೇಡಿಯೋ ಹಚ್ಚಿರೋರು, ಎಲ್ಲರಿಗೂ ಒಂದೇ ಮಾತು. ನಿಮ್ಮ ಗೆಳೆಯ ಆರೋಗ್ಯ ನೋಡ್ಕೊಳ್ತಿಲ್ಲ ಅನ್ಸಿದ್ರೆ ಅವನಿಗೆ ಬುದ್ಧಿ ಹೇಳ್ಬೇಡಿ. ಜೊತೆಗೆ ಹೋಗಿ. ಅಷ್ಟೇ.

ಎಲ್ಲಿಗೆ ಹೋಗೋದು ಅಂದ್ರೆ, ಮೊದಲು ಬಿಪಿ ನೋಡಿಸೋಕೆ. ಬಿಪಿಯಿಂದಾನೇ ಶುರು ಮಾಡಿ, ರಕ್ತ ತೆಗೆಯೋ ಹಾಗಿಲ್ಲ, ಖಾಲಿ ಹೊಟ್ಟೇಲಿ ಹೋಗೋ ಹಾಗಿಲ್ಲ, ಸೂಜಿ ಇಲ್ಲ, ದುಡ್ಡೂ ಇಲ್ಲ. 30 ದಾಟಿದ ಯಾರಿಗೇ ಆಗ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ನೋಡ್ತಾರೆ, ಪೇಟೇಲಿ ಇರೋರಿಗೆ ‘ನಮ್ಮ ಕ್ಲಿನಿಕ್’ ಅಂತ ಸರ್ಕಾರದ್ದೇ ಕ್ಲಿನಿಕ್ ಇದೆ. ಮೇಲಿನ ನಂಬರ್ 120, ಕೆಳಗಿಂದು 80ರ ಆಸುಪಾಸು ಇದ್ರೆ ಚೆನ್ನಾಗಿದೀರ. 140, 90 ದಾಟ್ತು ಅಂದ್ರೆ ಡಾಕ್ಟ್ರ ಹತ್ರ ಕೂತು ಮಾತಾಡ್ಬೇಕು. ಮಧ್ಯದಲ್ಲಿ ಇರೋರು ಉಪ್ಪು ಕಮ್ಮಿ ಮಾಡಿ ನಡೀರಿ.

ಈಗ ನನ್ನ ಗೆಳೆಯನ ಕಥೆ. ಹೆಸರು ಹೇಳಲ್ಲ, ಅವನೂ ಕೇಳ್ತಿರ್ತಾನೆ. ತಿಪಟೂರು ಕಡೆ ಕೊಬ್ಬರಿ ವ್ಯಾಪಾರ, ಅದಕ್ಕೆ ಸಾಹುಕಾರ ಅನ್ನೋಣ. ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಓದಿದೋರು, ಅಂದ್ರೆ ನಾನು ಓದ್ದೆ, ಅವನು ಕೂತಿದ್ದ. ಆದ್ರೆ ತೆಂಗಿನಕಾಯಿ ವಿಷ್ಯದಲ್ಲಿ ಅವನನ್ನ ಮೀರಿಸೋರಿಲ್ಲ. ಉಂಡೆ ಕೊಬ್ಬರಿ ಮಾಡೋದು ನಿಮಗೆ ಗೊತ್ತಲ್ಲ, ಕಾಯಿನ ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಕಿ ಬಿಡ್ತಾರೆ, ಒಳಗಡೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆ ಆಗುತ್ತೆ, ಆಗ ಅಲ್ಲಾಡಿಸಿದ್ರೆ ಗುಡುಗುಡು ಅನ್ನುತ್ತೆ. ನಮ್ಮ ಸಾಹುಕಾರ ಒಂದು ಕಾಯಿ ತಗೊಂಡು ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಇದಕ್ಕಿನ್ನು ಎರಡು ತಿಂಗಳು ಬೇಕು, ಇದು ಒಳಗೆ ಕೆಟ್ಟಿದೆ ಆಚೆ ಹಾಕು, ಅಂತ ಒಡೆಯದೇನೇ ಹೇಳ್ತಾನೆ. ಒಡೆದು ನೋಡಿದ್ರೆ ಹಂಗೇ ಇರುತ್ತೆ! ಇಂಥ ಕಿವಿ ಇರೋ ಮನುಷ್ಯನಿಗೆ ತನ್ನ ಬಿಪಿ ಎಷ್ಟು ಅಂತ ಐವತ್ತೆಂಟು ವರ್ಷ ಆದ್ರೂ ಗೊತ್ತಿರಲಿಲ್ಲ.

ನಾನು ಬಿಟ್ನಾ? ಇಲ್ಲ. ಸಿಕ್ಕಿದಾಗೆಲ್ಲ ಭಾಷಣ. ಲೇ, ಬಿಪಿ ನೋಡಿಸ್ಕೊಳೋ, ಸ್ಟ್ರೋಕ್ ಆಗುತ್ತೆ, ಕಿಡ್ನಿ ಹೋಗುತ್ತೆ. ಅವನ ಉತ್ತರ ಯಾವಾಗ್ಲೂ ಒಂದೇ, ನಮ್ಮಪ್ಪ ತೊಂಬತ್ತು ವರ್ಷ ಬದುಕಿದ್ರು ಕಣೋ, ದಿನಾ ಉಪ್ಪಿನಕಾಯಿ ತಿಂದು. ಅವರಪ್ಪ ದಿನಾ ಹತ್ತು ಮೈಲಿ ನಡೀತಿದ್ರು, ಇವನು ಮಂಡಿಗೆ ಹೋಗೋಕೂ ಕಾರು, ಅದನ್ನೂ ಹೇಳ್ದೆ. ಸುಮ್ನೆ ನಗೋನು.

ಆಮೇಲೆ ಒಂದು ಮದುವೇಲಿ ಎಡವಟ್ಟಾಯ್ತು. ಇಬ್ರೂ ಅಕ್ಕಪಕ್ಕ ಎಲೆ ಮುಂದೆ ಕೂತಿದೀವಿ, ಬಡಿಸೋನು ಹಪ್ಪಳ ತಂದ, ಸಾಹುಕಾರ ಎರಡು ಹಾಕಿಸ್ಕೊಂಡ, ಮಾವಿನಕಾಯಿ ಉಪ್ಪಿನಕಾಯಿ ಎರಡನೇ ಸಲ ಹಾಕಿಸ್ಕೊಂಡ, ಎಲೆ ಕೊನೇಲಿ ಇಟ್ಟಿದ್ದ ಉಪ್ಪನ್ನೂ ಕಲಸ್ಕೊಂಡ, ನನಗೆ ತಡೆಯಕ್ಕಾಗ್ಲಿಲ್ಲ. ಪಂಕ್ತಿ ಮಧ್ಯದಲ್ಲಿ, ಬೀಗರು ಬಿಜ್ಜರು ಎಲ್ಲಾ ಕೂತಿರೋವಾಗ, ದಿನಕ್ಕೆ 5 ಗ್ರಾಂ ಉಪ್ಪು ಅಂದ್ರೆ ಒಂದು ಟೀ ಚಮಚ ಕಣೋ, ಸಾರು ಪಲ್ಯ ಎಲ್ಲಾ ಸೇರಿ, ನೀನು ಈ ಒಂದು ಊಟಕ್ಕೇ ಅಷ್ಟು ತಿಂದೆ, ಸಾಯ್ಬೇಕು ಅಂತಿದೀಯಾ ಅಂದ್ಬಿಟ್ಟೆ. ಜೋರಾಗಿ. ಪಂಕ್ತಿ ಪೂರ್ತಿ ಇವನ ಕಡೆ ನೋಡ್ತು. ಅವನು ಮಾತಾಡ್ಲಿಲ್ಲ, ಪಾಯಸ ಬರೋಕೆ ಮುಂಚೆ ಎದ್ದು ಕೈ ತೊಳ್ಕೊಂಡು ಹೋದ. ಪಾಯಸ ಬಿಟ್ಟು ಏಳೋ ಮನುಷ್ಯ ಅಲ್ಲ ಅವನು, ಆಗ್ಲೇ ನನಗೆ ಗೊತ್ತಾಗ್ಬೇಕಿತ್ತು. ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಮನೆಗೆ ಕಾಯಿ ಕಳಿಸೋನು, ಅದೂ ನಿಂತೋಯ್ತು.

ನಾನು ಹೇಳಿದ್ರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಎಲ್ಲಾ ಸರಿ. ಸರಿ ಇದ್ರೆ ಏನ್ ಬಂತು, ಅವನ ಬಿಪಿ ಇಳೀತಾ? ನಮ್ಮನೆಯವಳು ಒಂದಿನ ಕಾಫಿ ಕೊಡ್ತಾ ಕೇಳಿದ್ಲು, ನೀವು ಅವರಿಗೆ ಡಾಕ್ಟ್ರಾ, ಫ್ರೆಂಡಾ, ಯಾವುದಾದ್ರೂ ಒಂದು ಆಗಿ. ಆಮೇಲೆ ಇನ್ನೊಂದು ಕೇಳಿದ್ಲು ನೋಡಿ, ಅದು ಚುಚ್ಚಿದ್ದು, ಅಂದಹಾಗೆ ನಿಮ್ಮ ಬಿಪಿ ಯಾವಾಗ ನೋಡಿದ್ದು ಅಂತ. ನೆನಪು ಮಾಡ್ಕೊಂಡೆ. ರಿಟೈರ್ ಆಗೋಕೆ ಮುಂಚೆ ಯಾವತ್ತೋ. ದಿನಕ್ಕೆ ನಲವತ್ತು ಐವತ್ತು ಜನರ ತೋಳಿಗೆ ಪಟ್ಟಿ ಸುತ್ತಿದೋನು, ನನ್ನ ತೋಳಿಗೆ ಸುತ್ಕೊಂಡು ನಾಕು ವರ್ಷ ಆಗಿತ್ತು.

ಮಾರನೇ ದಿನ ಬೆಳಿಗ್ಗೆ ಸಾಹುಕಾರನ ಮಂಡಿಗೆ ಹೋದೆ. ಅವನು ತಲೆ ಎತ್ತಿ ನೋಡಿ ಮತ್ತೆ ಲೆಕ್ಕದ ಪುಸ್ತಕ ನೋಡ್ದ. ನಾನು ಅವನ ಆರೋಗ್ಯದ ಸುದ್ದೀನೇ ಎತ್ಲಿಲ್ಲ. ಲೇ, ನನ್ನ ಬಿಪಿ ನೋಡಿಸ್ಬೇಕು, ಒಬ್ಬನೇ ಹೋಗೋಕೆ ಒಂಥರಾ ಆಗುತ್ತೆ, ಬರ್ತೀಯಾ ಅಂದೆ. ಸುಳ್ಳಲ್ಲ ರೀ, ನಿಜವಾಗ್ಲೂ ಒಂಥರಾ ಆಗಿತ್ತು. ಎಂಟು ತಿಂಗಳು ಮಾತು ಬಿಟ್ಟೋನು ಒಂದು ನಿಮಿಷ ನನ್ನ ಮುಖ ನೋಡ್ದ, ಪುಸ್ತಕ ಮುಚ್ಚಿದ, ಚಪ್ಪಲಿ ಹಾಕ್ಕೊಂಡ. ನಡಿ ಅಂದ. ಇಷ್ಟೇ ಆಗಿದ್ದು!

ಆರೋಗ್ಯ ಕೇಂದ್ರಕ್ಕೆ ಹೋದ್ವಿ. ಅಲ್ಲಿ ಹೊಸ ನರ್ಸಮ್ಮ, ನಾನ್ಯಾರು ಅಂತ ಗೊತ್ತಿಲ್ಲ ಆ ಹುಡುಗಿಗೆ. ಬೆನ್ನಿಗೆ ಆಸರೆ ಕೊಟ್ಟು ಕೂತ್ಕೊಳಿ, ಕಾಲ್ ಮೇಲೆ ಕಾಲ್ ಹಾಕ್ಬೇಡಿ, ಪಾದ ನೆಲಕ್ಕಿಡಿ, ಐದು ನಿಮಿಷ ಸುಮ್ನಿರಿ, ಕಾಫಿ ಕುಡ್ದು ಅರ್ಧ ಗಂಟೆ ಆಗಿದೆಯಾ, ಬಾತ್ರೂಮಿಗೆ ಹೋಗಿ ಬಂದ್ರಾ, ಎಲ್ಲಾ ಕೇಳಿದ್ಲು. ಎಷ್ಟು ಖುಷಿ ಆಯ್ತು ಗೊತ್ತಾ, ಪುಸ್ತಕದಲ್ಲಿ ಇದ್ದ ಹಾಗೇ ಮಾಡ್ತಿದ್ಲು. ಆ ಖುಷಿಗೆ ನಾನು ಸಾಹುಕಾರನ ಕಡೆ ತಿರುಗಿ, ನೋಡು, 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಅನ್ನೋ ಡಾಕ್ಟ್ರು ಈ ತೋಳಿನ ಪಟ್ಟಿ ಮಾಡಿದ್ದು, 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅನ್ನೋರು ಪಟ್ಟಿ ಕೆಳಗಡೆ ಸ್ಟೆಥಾಸ್ಕೋಪ್ ಇಟ್ಟು ರಕ್ತದ ಸದ್ದು ಕೇಳಿದ್ರು, ನೀನು ಕಾಯಿ ಸದ್ದು ಕೇಳೋ ಹಾಗೇನೇ ಅಂತ ಶುರು ಮಾಡ್ದೆ. ಆ ಹುಡುಗಿ, ಯಜಮಾನ್ರೇ, ಮಾತಾಡ್ಬೇಡಿ, ಮಾತಾಡಿದ್ರೆ ಬಿಪಿ ಜಾಸ್ತಿ ತೋರ್ಸುತ್ತೆ ಅಂತ ಬೈದ್ಲು. ಸಾಹುಕಾರ ನಕ್ಕಿದ್ದು ನೋಡ್ಬೇಕಿತ್ತು, ಮದುವೆ ಪಂಕ್ತಿ ಸಾಲ ಅವತ್ತು ಬಡ್ಡಿ ಸಮೇತ ತೀರ್ತು.

ನನಗೆ 156, 94 ಬಂತು. ಡಾಕ್ಟ್ರಿಗೇ ಬಿಪಿ ಅಂತ ಇವನು ಇನ್ನೂ ನಗ್ತಾನೇ ಇದಾನೆ, ಬಿಡು ನನ್ನದೂ ನೋಡಿಬಿಡಮ್ಮ ಅಂತ ತೋಳು ಚಾಚಿದ. ನಾನು ಚಾಚು ಅಂದಿರಲಿಲ್ಲ. 184, 108. ಆ ಹುಡುಗಿ ಮುಖ ಬದಲಾಯ್ತು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದ್ಲು, ಹೆಚ್ಚುಕಮ್ಮಿ ಅಷ್ಟೇ. ಇವನು, ನನಗೇನೂ ಆಗ್ತಿಲ್ವಲ್ಲ, ತಲೆನೋವಿಲ್ಲ, ತಲೆ ಸುತ್ತಲ್ಲ ಅಂದ. ಅದೇ ರೀ ಇದರ ಕಥೆ. ಬಿಪಿ ಜಾಸ್ತಿ ಆದ್ರೆ ಬಹಳಷ್ಟು ಜನಕ್ಕೆ ಏನೂ ಗೊತ್ತಾಗಲ್ಲ. ಪ್ರಪಂಚದಲ್ಲಿ ಬಿಪಿ ಇರೋರಲ್ಲಿ ಹತ್ತತ್ರ ಅರ್ಧ ಜನಕ್ಕೆ ತಮಗೆ ಬಿಪಿ ಇದೆ ಅಂತಾನೇ ಗೊತ್ತಿಲ್ಲ. ಕಾಯಿ ಆದ್ರೆ ಗುಡುಗುಡು ಅನ್ನುತ್ತೆ, ರಕ್ತನಾಳ ಅನ್ನಲ್ಲ. ಆ ಮಾತು ನಾನು ಹೇಳಿದ್ದಲ್ಲ, ವಾಪಸ್ ಬರ್ತಾ ಕಾರಲ್ಲಿ ಅವನೇ ಹೇಳಿದ್ದು. ಹದಿನೈದು ವರ್ಷ ನಾನು ಹೇಳಿದ್ದು ತಲೆಗೆ ಹೋಗಿರಲಿಲ್ಲ.

ಮಾತ್ರೆ ಶುರುವಾಯ್ತು ಇಬ್ರಿಗೂ. ಸಾಯಂಕಾಲ ಏಳು ಗಂಟೆಗೆ ಅವನು ಫೋನ್ ಮಾಡ್ತಾನೆ, ಮಾತ್ರೆ ತಗೊಂಡ್ಯಾ ಡಾಕ್ಟ್ರೇ? ನಾನು ತಗೊಂಡೆ, ನೀನು? ಇಷ್ಟೇ ಮಾತು. ಮೂರು ತಿಂಗಳಾದ್ಮೇಲೆ ಒಂದಿನ ಅವನ ಫೋನ್ ಬರ್ಲಿಲ್ಲ, ಹೋಗಿ ನೋಡಿದ್ರೆ, ಬಿಪಿ 130ಕ್ಕೆ ಬಂದಿದೆ, ವಾಸಿ ಆಯ್ತಲ್ಲ, ನಿಲ್ಲಿಸ್ದೆ ಅಂದ. ಅಯ್ಯೋ ದೇವ್ರೇ! ಇದನ್ನ ದಯವಿಟ್ಟು ಕೇಳಿಸ್ಕೊಳಿ, ಮಾತ್ರೆ ನುಂಗ್ತಿರೋದಕ್ಕೇ ಅದು 130 ಇರೋದು. ಡಾಕ್ಟ್ರನ್ನ ಕೇಳದೆ ನಿಲ್ಲಿಸ್ಬೇಡಿ. ಕೊಡೆ ಹಿಡಿದು ನೆನೀಲಿಲ್ಲ ಅಂತ ಮಳೇಲಿ ಕೊಡೆ ಮಡಿಚ್ತೀರಾ? ಅವತ್ತೂ ಬಾಯಿ ತುದಿಗೆ ಬೈಗುಳ ಬಂದಿತ್ತು, ನುಂಗ್ಕೊಂಡೆ, ನಡಿ ಇಬ್ರೂ ಹೋಗಿ ಕೇಳ್ಕೊಂಡು ಬರೋಣ ಅಂದೆ. ಹೋದ್ವಿ. ಮತ್ತೆ ಶುರು ಮಾಡ್ದ.

ಈಗ ಗಾಜಿನಾಚೆಯಿಂದ ಇವರು ನನಗೆ ಕೈಸನ್ನೆ ಮಾಡ್ತಿದಾರೆ, ಟೈಮ್ ಕಮ್ಮಿ ಇದೆ ಅಂತ. ಕೊಬ್ಬರಿಯಲ್ಲೇ ಮುಗಿದೋಯ್ತು. ಉಳಿದಿದ್ದು ಬೇಗ ಹೇಳ್ತೀನಿ.

ಹೆದರಿಸೋದ್ರಿಂದ ಆಗಲ್ಲ. 2021ರ ಅಕ್ಟೋಬರ್ 29ಕ್ಕೆ ನಮ್ಮ ಅಪ್ಪು, ಪುನೀತ್ ರಾಜಕುಮಾರ್, 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಚೆಕಪ್‌ಗೆ ಜನ ಹೇಗೆ ಮುಗಿಬಿದ್ರು ನೀವೇ ನೋಡಿದೀರ. ನಿಮ್ಮ ಗೆಳೆಯನೂ ಆಗ ಹೋಗಿದ್ನೇನೋ. ಆಮೇಲೆ ಇನ್ನೊಂದು ಸಲ ಹೋದ್ನಾ, ಕೇಳಿ ನೋಡಿ. ಹೆದರಿಕೆ ಮಳೆಗಾಲದ ಹಳ್ಳ ಇದ್ದಂಗೆ, ಬಂದಷ್ಟೇ ಬೇಗ ಇಳಿಯುತ್ತೆ. ಜೊತೆಗೆ ಬರೋನೊಬ್ಬ ಇದ್ರೆ ಆರು ತಿಂಗಳಿಗೂ ಹೋಗ್ತಾರೆ, ವರ್ಷಕ್ಕೂ ಹೋಗ್ತಾರೆ.

ಸಕ್ಕರೆ ಕಾಯಿಲೆಗೂ ಇದೇ, ಜೊತೆಗೆ ಹೋಗಿ. ನಡಿ, ವಾಕಿಂಗ್ ಮಾಡು ಅಂತ ಹೇಳೋದ್ಬಿಟ್ಟು ಬೆಳಿಗ್ಗೆ ಅವನ ಮನೆ ಮುಂದೆ ನಿಂತು ಕೂಗಿ, ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಾಕು. ಸಿಗರೇಟು ಬಿಡಿಸೋದಾದ್ರೆ ನೀವೂ ಸೇದೋರಾಗಿದ್ರೆ ಇಬ್ರೂ ಒಂದೇ ದಿನ ಬಿಡಿ. ಅಕ್ಕಂದಿರೇ, ನಿಮ್ಮ ವಿಷ್ಯ ಬೇರೇನೇ ಒಂದು ದಿನ ಮಾತಾಡ್ಬೇಕು, ಮನೆಯವರದೆಲ್ಲಾ ನೋಡಿಸಿ ನಿಮ್ಮದು ಮಾತ್ರ ಯಾವತ್ತೂ ನೋಡಿಸ್ಕೊಳ್ದೇ ಇರ್ತೀರ, ಸಂಘದ ಮೀಟಿಂಗ್ ಇರೋ ದಿನ ನಾಕು ಜನ ಒಟ್ಟಿಗೆ ಹೋಗಿಬನ್ನಿ, ಅರ್ಧ ಗಂಟೆ ಕೆಲಸ. ಮುಖ ಒಂದು ಕಡೆ ವಾಲ್ತು, ಕೈ ಎತ್ತಕ್ಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಅದು ಸ್ಟ್ರೋಕ್, ಆಗ ನಿಂಬೆಹಣ್ಣು ಗಿಂಬೆಹಣ್ಣು ಅಂತ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ, ಗಂಟೆ ಗಂಟೆಗೂ ಲೆಕ್ಕ. ಅದಕ್ಕೂ ಜೊತೆಗೆ ಹೋಗಿ.

ಆಯ್ತು, ಆಯ್ತು, ಮುಗಿಸ್ತೀನಿ ಅಂತ ಅವರಿಗೂ ಸನ್ನೆ ಮಾಡಿದೀನಿ. ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದಿರೋದೂ ಸಾಹುಕಾರನೇ, ಹೊರಗಡೆ ಕಾರಲ್ಲಿ ಕೂತು ಇದನ್ನೇ ಕೇಳ್ತಿದಾನೆ. ಬರ್ತಾ ಗೇಟ್ ಪಕ್ಕದಲ್ಲಿ ಮೆಣಸಿನಕಾಯಿ ಬೋಂಡ ಅಂಗಡಿ ನೋಡ್ಕೊಂಡಿದಾನೆ, ನಾನು ಬೇಗ ಹೋಗ್ಬೇಕು. ನಮಸ್ಕಾರ.