ಸತು ಹೆಚ್ಚಿದ್ದರೆ ಆಯಿಲ್ ಒಳ್ಳೆಯದೇ?

ಸ್ನೇಹಿತರೇ,

ಎಂಜಿನ್ ಆಯಿಲ್‌ಗಳ ಪ್ರಯೋಗಾಲಯ ವರದಿಗಳು ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ಒಂದು ಆಯಿಲ್‌ನಲ್ಲಿ ಸತು 850 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 850 ಭಾಗ), ಇನ್ನೊಂದರಲ್ಲಿ 1200 ಎಂದು ಕಂಡರೆ ಎರಡನೆಯದೇ ಮೇಲು ಎಂದು ಕೊಂಡುಬಿಡುತ್ತೇವೆ. ಆ ವರದಿ ಅಂಕಪಟ್ಟಿಯಲ್ಲ. ಯಾವ ಎಂಜಿನ್‌ಗಾಗಿ ತಯಾರಾದ ಆಯಿಲ್ ಎಂಬುದನ್ನು ಬಿಟ್ಟು ಹೋಲಿಸಿದರೆ ದಾರಿ ತಪ್ಪುತ್ತೇವೆ.

ಸತುವನ್ನೇ ನೋಡೋಣ. ಅದು ಆಯಿಲ್‌ನಲ್ಲಿ ಲೋಹದ ಪುಡಿಯಾಗಿ ಇರುವುದಿಲ್ಲ. ರಂಜಕ, ಗಂಧಕಗಳೊಡನೆ ಕೂಡಿದ ಜೆಡ್‌ಡಿಡಿಪಿ ಎಂಬ ಸಂಯುಕ್ತವಾಗಿ ಇರುತ್ತದೆ. ಎಂಜಿನ್‌ನ ಕವಾಟಗಳನ್ನು ತೆರೆಯಲು ಕ್ಯಾಮ್‌ನ ಉಬ್ಬು ಟ್ಯಾಪೆಟ್ಟನ್ನು ಒತ್ತುವ ಜಾಗದಲ್ಲಿ ಆಯಿಲ್ ಪದರ ಹಿಂಡಿಹೋಗಿ, ಲೋಹಕ್ಕೆ ಲೋಹ ತಾಗುವ ಹಂತ ಬರುತ್ತದೆ. ಅಲ್ಲಿನ ಬಿಸಿಗೆ, ಉಜ್ಜಾಟಕ್ಕೆ ಈ ಸಂಯುಕ್ತ ಒಡೆದು ಉಕ್ಕಿನ ಮೇಲೆ ಗಾಜಿನಂಥ ಫಾಸ್ಫೇಟ್ ಪೊರೆಯಾಗಿ ಕೂರುತ್ತದೆ. ಅದರ ದಪ್ಪ ಸುಮಾರು 100 ನ್ಯಾನೋಮೀಟರ್. ಉಕ್ಕಿನ ಬದಲು ಆ ಪೊರೆ ಸವೆಯುತ್ತದೆ; ಸವೆದಂತೆಲ್ಲ ಮತ್ತೆ ಕಟ್ಟಿಕೊಳ್ಳುತ್ತದೆ. ಆಯಿಲ್‌ನ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಕೆಲಸವನ್ನು ನಾನು ಕಂಡಿಲ್ಲ. ಆದರೆ ಪೊರೆ ಒಂದು ಮಟ್ಟಕ್ಕೆ ಬೆಳೆದು ನಿಲ್ಲುತ್ತದೆ. ಸತುವನ್ನು ದುಪ್ಪಟ್ಟು ಮಾಡಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ.

ಜೊತೆಗೆ, ಸತುವಿನೊಡನೆಯೇ ಬರುವ ರಂಜಕ, ಆಯಿಲ್ ಉರಿದಾಗ ಹೊಗೆಯೊಡನೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಅದಕ್ಕಾಗಿಯೇ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ (ಎಪಿಐ) 2004ರ ಎಸ್‌ಎಂ ದರ್ಜೆಯಲ್ಲಿ 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ ರಂಜಕದ ಮಿತಿಯನ್ನು ಶೇ 0.08ಕ್ಕೆ, ಅಂದರೆ 800 ಪಿಪಿಎಂಗೆ ಇಳಿಸಿದರು. ಶೇ 0.06ಕ್ಕಿಂತ ಕಡಿಮೆಯೂ ಆಗಬಾರದು. 20ಡಬ್ಲ್ಯು-50ರಂಥ ಮಂದ ಆಯಿಲ್‌ಗೆ ಆ ಮೇಲ್ಮಿತಿ ಇಲ್ಲ. ಬೈಕ್ ಆಯಿಲ್‌ಗಳ ಜಪಾನಿ ಮಾನದಂಡ ಜಾಸೋ ಎಂಎ ಅಂತೂ ಶೇ 0.08ರಿಂದ 0.12ರವರೆಗೆ ರಂಜಕ ಇರಲೇಬೇಕು ಎನ್ನುತ್ತದೆ. ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಘರ್ಷಣೆ ತಗ್ಗಿಸುವ ಮಾಲಿಬ್ಡಿನಂ ಸೇರ್ಪಡೆ ಹೆಚ್ಚಿರುವ ಕಾರಿನ ಆಯಿಲನ್ನು ಅದಕ್ಕೆ ಸುರಿದರೆ ಕ್ಲಚ್ ಜಾರತೊಡಗಬಹುದು.

ವರದಿಯಲ್ಲಿ ಕಾಣುವ ಕ್ಯಾಲ್ಸಿಯಂ ಎಂಜಿನ್ ಒಳಗನ್ನು ತೊಳೆಯುವ, ಆಮ್ಲವನ್ನು ತಣಿಸುವ ಸೇರ್ಪಡೆಯ ಗುರುತು. ಇಂಧನದ ಗಂಧಕ ಉರಿದಾಗ ಆಮ್ಲ ಹುಟ್ಟುತ್ತದೆ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನದ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ ಇಳಿದಿದೆ; ಆದ್ದರಿಂದ ಮೊದಲಿನಷ್ಟು ಕ್ಯಾಲ್ಸಿಯಂ ಬೇಕಿಲ್ಲ. ಕ್ಯಾಲ್ಸಿಯಂ ಅತಿಯಾದರೆ ಬೂದಿ ಹೆಚ್ಚಿ ಡೀಸೆಲ್ ವಾಹನದ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನೇರ ಇಂಜೆಕ್ಷನ್ನಿನ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿಗೂ ಮೊದಲೇ ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಹಾಗಾಗಿ ಹೊಸ ಆಯಿಲ್‌ಗಳಲ್ಲಿ ಒಂದಷ್ಟು ಕ್ಯಾಲ್ಸಿಯಂ ಬದಲಿಗೆ ಮೆಗ್ನೀಸಿಯಂ ಬಂದಿದೆ. ಕ್ಯಾಲ್ಸಿಯಂ ಕಡಿಮೆ ಕಂಡಿತೆಂದು ಕಂಪನಿ ಮೋಸಮಾಡಿತು ಎನ್ನುವುದು ಅನ್ಯಾಯ.

ವರದಿಗೆ ಕಾಣದ್ದೂ ಬಹಳವಿದೆ. ಮಸಿ ಗಡ್ಡೆಕಟ್ಟದಂತೆ ತೇಲಿಸಿಡುವ ಸೇರ್ಪಡೆ, ಆಯಿಲ್ ಹಳಸದಂತೆ ಕಾಯುವ ಅಮೈನ್ ಮತ್ತು ಫಿನಾಲ್‌ಗಳು, ಬಿಸಿಯಲ್ಲೂ ತೀರ ತೆಳುವಾಗಲು ಬಿಡದ ಪಾಲಿಮರ್, ಇವುಗಳಲ್ಲಿ ಲೋಹವೇ ಇಲ್ಲ. ಲೋಹ ಎಣಿಸುವ ಯಂತ್ರಕ್ಕೆ ಇವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 

ಹಣ ಕೊಟ್ಟು ಪರೀಕ್ಷೆ ಮಾಡಿಸುವುದಾದರೆ ನಿಮ್ಮದೇ ಎಂಜಿನ್‌ನಿಂದ ಬಸಿದ ಆಯಿಲನ್ನು ಕಳುಹಿಸಿ. ಕಬ್ಬಿಣ ಏರಿದ್ದರೆ ಸವೆತ, ಸಿಲಿಕಾನ್ ಏರಿದ್ದರೆ ಬಹುಶಃ ಏರ್ ಫಿಲ್ಟರ್ ದಾಟಿ ಬಂದ ಧೂಳು. ಆಮ್ಲವನ್ನು ತಣಿಸುವ ಕ್ಷಾರದ ಶಕ್ತಿ ಎಷ್ಟು ಉಳಿದಿದೆ, ಆಯಿಲ್ ಎಷ್ಟು ತೆಳುವಾಗಿದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ.